ಲಾರಿಯ ಮುಳ್ಳು ಏಳಲಿಲ್ಲ

ಕಳೆದ ಸೋಮವಾರ ನಮ್ಮ ಲಾರಿ ಗುಜರಿಗೆ ಹೋಗುವುದಿತ್ತು. ಹೋಗಲಿಲ್ಲ. ಯಾಕೆ ಅಂತೀರಾ?

ತೀರ್ಮಾನ ನನ್ನ ಗಂಡನದು, ನಮ್ಮ ಯಜಮಾನರದು. ಶಹಾಬಾದಿನಿಂದ ಚಿಂಚೋಳಿಗೆ ಫರಸಿ ಕಲ್ಲು ಹೊರುವ ಲಾರಿ ಅದು, ಈಚೆಗೆ ಮುಗಿದ ಮಹಾಯುದ್ಧಕ್ಕೂ ಮುಂಚಿನದು. ತಳದಲ್ಲಿ ಎಣ್ಣೆ ಸೋರುತ್ತದೆ. ಎಣ್ಣೆಯ ಒತ್ತಡ ತೋರಿಸುವ ಗೇಜಿನ ಮುಳ್ಳು, ಇಂಜಿನ್ ಕಾದ ಕೂಡಲೇ ಕೆಳಗೆ ಮಲಗಿಬಿಡುತ್ತದೆ.

"ಮುದಿ ಆಗ್ಯಾದ. ವಾಡಿ ಗುಜರಿಯವ ಬಂದು ಒಯ್ತಾನ," ಎಂದರು ಅವರು.

ಡ್ರೈವರ್ ಮಹಬೂಬ ಊಟ ಬಿಟ್ಟ. ಬಿಡದೆ ಏನು ಮಾಡುತ್ತಾನೆ? ನಮ್ಮ ಸೇಡಂನಲ್ಲಿ ಅವನನ್ನು ಕರೆದು ಕೂರಿಸಲು ಇನ್ನೊಂದು ಲಾರಿ ಎಲ್ಲಿದೆ?

"ಅಕ್ಕಾ, ಸೋಮವಾರದ ತನಕ ಗಾಡಿ ನನಗ ಬಿಡ್ರಿ," ಎಂದ ನನ್ನ ಬಳಿ ಬಂದು.

"ಬಿಡ್ತೀನಿ. ಆದ್ರ ನಾನೂ ನಿಂತು ನೋಡಾಕಿ," ಎಂದೆ. (ಯಜಮಾನರು ನಕ್ಕರು. ನಗಲಿ.)

ಮೊದಲು ತೊಳೆದೆವು. ಕಲ್ಲಿನ ಧೂಳೂ ಎಣ್ಣೆಯೂ ಕೂಡಿ ಇಂಜಿನ್ನಿಗೆ ಬೆರಳು ದಪ್ಪದ ಚರ್ಮ ಬೆಳೆದಿತ್ತು. ಕೆರೆದು, ಒರೆಸಿ, ಒಣಗಿಸಿ, ಮೇಲೆ ಸುಣ್ಣದ ಪುಡಿ ಉದುರಿಸಿದೆವು. ಇಂಜಿನ್ ಚಾಲೂ ಮಾಡಿ ಕಾದೆವು. ಬಿಳಿ ಸುಣ್ಣದಲ್ಲಿ ಕಪ್ಪು ಗೆರೆ ಮೂಡಿತು. ಎಲ್ಲಿ? ಎಲ್ಲರೂ ಬೈಯುತ್ತಿದ್ದ ತಳದಲ್ಲಲ್ಲ, ನೆತ್ತಿಯ ಮುಚ್ಚಳದ ಅಂಚಿನಲ್ಲಿ! ಅಲ್ಲಿಂದ ಹರಿದು ತಳದಲ್ಲಿ ತೊಟ್ಟಿಕ್ಕುತ್ತಿತ್ತು, ಅಷ್ಟೇ. ಮುಚ್ಚಳದ ಸಂದಿಗೆ ಕೂರಿಸುವ ಬೆಂಡಿನ ಪಟ್ಟಿ, ಗ್ಯಾಸ್ಕೆಟ್, ಹರಿದಿತ್ತು. ಮಹಬೂಬ ಹೊಸದು ಕತ್ತರಿಸಿ ಕೂರಿಸಿದ. ಸೋರಿಕೆ ನಿಂತಿತು.

ಮುಳ್ಳು ಮಾತ್ರ ಏಳಲಿಲ್ಲ.

"ಬೇರಿಂಗ್ ಸವದಾವ. ಖೇಲ್ ಖತಂ," ಎಂದರು ಯಜಮಾನರು.

"ಬೇರಿಂಗ್ ಹೋದ್ರ ಒಳಗ ಟಕ್‌ಟಕ್ ಬಡೀತದರಿ ಸಾವಕಾರ್ರ. ಇದು ಬಡಿಯಾಕತ್ತಿಲ್ಲ," ಎಂದ ಮಹಬೂಬ, ತಲೆ ಎತ್ತದೆ.

ಲಾರಿಯ ಕೆಳಗೆ ಮಲಗಿ ಎಣ್ಣೆಯ ತೊಟ್ಟಿ ಇಳಿಸಿದ. ಪಂಪು ಎಣ್ಣೆ ಹೀರುವ ಜಾಲರಿಯಲ್ಲಿ ನಾಲ್ಕಾರು ಕಣ್ಣು ಬಿಟ್ಟರೆ ಉಳಿದವೆಲ್ಲ ಮುಚ್ಚಿಹೋಗಿದ್ದವು. ತುಂಬೆಲ್ಲ ಹಳದಿ ಅಂಟು.

"ಇದ್ಯಾವ ಬಲಾ ಅಕ್ಕಾ?"

ಉಗುರಿನಿಂದ ಕೆರೆದೆ. ಮೂಸಿದೆ. ಬಾಣಲೆಯ ಅಂಚಿನಿಂದ ನಾನು ದಿನಾ ಉಜ್ಜಿ ತೆಗೆಯುವ ಅಂಟಲ್ಲವೇ ಇದು? ಒಣಗಿದ ಕುಸುಬಿ ಎಣ್ಣೆ! (ನಮ್ಮದು ಗಾಣದ ಮನೆ.)

ಇಬ್ಬರೂ ಯಜಮಾನರತ್ತ ತಿರುಗಿದೆವು.

"ಯುದ್ಧದಾಗ ಇಂಜಿನ್ನಿನ ಡಬ್ಬಿ ಆಯಿಲ್ ಎಲ್ಲಿ ಸಿಗ್ತಿತ್ತು?" ಎಂದರು, ಟೋಪಿ ಸರಿಮಾಡುತ್ತ. "ಸೋರಿ ಕಡಿಮಿ ಆದಾಗೆಲ್ಲ ನಾನೇ ಅಷ್ಟಷ್ಟು ಹಾಕ್ತಿದ್ದೆ. ನಮ್ಮ ಎಣ್ಣಿ ತಿಂದು ಇಡೀ ಸೇಡಂ ಗಟ್ಟಿ ಅದ. ಇದಕ್ಕೇನಾಗ್ತದ ಅಂದೆ."

"ಸಾಸಿವಿ ಒಂದು ಚಟಪಟ ಅನ್ನಿಸೋದು ಬಿಟ್ರಿ ನೋಡ್ರಿ!" ಎಂದೆ. ಮಹಬೂಬ ಲಾರಿಯ ಕೆಳಗಿಂದಲೇ ಕೇಕೆ ಹಾಕಿ ನಕ್ಕ.

ದೀಪಕ್ಕೆಂದು ಎತ್ತಿಟ್ಟಿದ್ದ ಸೀಮೆಎಣ್ಣೆಯನ್ನೆಲ್ಲ ಸುರಿದು ಜಾಲರಿ, ತೊಟ್ಟಿ, ಪಂಪು ತೊಳೆದೆವು. ಈಗೀಗ ಮತ್ತೆ ಸಿಗತೊಡಗಿರುವ ಡಬ್ಬಿ ಆಯಿಲ್ ತುಂಬಿದೆವು.

ಸೋಮವಾರ ಗುಜರಿಯವ ಬಂದ. ಇಂಜಿನ್ ಚೆನ್ನಾಗಿ ಕಾಯುವವರೆಗೆ ಅವನನ್ನೂ ನಿಲ್ಲಿಸಿಕೊಂಡೆ. ಮುಳ್ಳು ಎದ್ದು ನಿಂತಿತು. ಕಾದ ಮೇಲೂ ಕದಲಲಿಲ್ಲ.

"ಹಳೇ ಗಾಡಿ, ಇವತ್ತಲ್ಲ ನಾಳಿ ಕೊಡೂದೇ ಅದ," ಎಂದ ಅವನು.

"ಚಾ ಕುಡದು ಹೋಗ್ರಿ," ಎಂದವರು ಯಜಮಾನರೇ! ಮಹಬೂಬ ಆಗಲೇ ಶಹಾಬಾದಿನ ದಾರಿ ಹಿಡಿದಿದ್ದ.

ಮುದಿಯಾಯಿತು ಎಂದು ಯಾವುದನ್ನೇ ಆಗಲಿ ಕೈಬಿಡುವ ಮುಂಚೆ, ಇಷ್ಟು ದಿನ ಅದಕ್ಕೆ ನಾವು ಕುಡಿಸಿದ್ದು ಏನೆಂದು ಕೇಳಿಕೊಳ್ಳಬೇಡವೇ?