ಗುಡುಗಿದರೆ ಪ್ಲಗ್ ತೆಗೆಯುವ ಮನೆ

ನನ್ನ ಅತ್ತೆಯ ಹತ್ತಿರ ಎರಡು ವಿಷಯಗಳಲ್ಲಿ ಯಾರ ಮಾತೂ ನಡೆಯುತ್ತಿರಲಿಲ್ಲ. ಕಾಫಿಗೆ ಡಿಕಾಕ್ಷನ್ ಎಷ್ಟು ಹಾಕಬೇಕು ಎನ್ನುವುದು ಒಂದು. ಗುಡುಗಿದರೆ ಯಾವ ಪ್ಲಗ್ ಮೊದಲು ತೆಗೆಯಬೇಕು ಎನ್ನುವುದು ಇನ್ನೊಂದು. ಕೊಪ್ಪದ ಬಸ್ ಸ್ಟ್ಯಾಂಡಿನ ಹಿಂದಿದ್ದ ನಮ್ಮ ಮನೆಯಲ್ಲಿ ಮಳೆಗಾಲ ಶುರುವಾಗುತ್ತಿದ್ದದ್ದೇ ಅತ್ತೆಯ ಓಟದಿಂದ. ದೂರದಲ್ಲಿ ಯಾರೋ ಖಾಲಿ ಡ್ರಮ್ ಉರುಳಿಸಿದಷ್ಟು ಸದ್ದಾದರೂ ಸಾಕು, ಒಲೆಯ ಮೇಲಿನ ಸಾರನ್ನು ಅದರ ಪಾಡಿಗೆ ಬಿಟ್ಟು ಹೊರಡುತ್ತಿದ್ದರು. ಮೊದಲು ಟಿ.ವಿ., ಆಮೇಲೆ ಫೋನಿನ ವಯರು, ಫ್ರಿಜ್ಜು, ಕೊನೆಗೆ ಮಿಕ್ಸಿ. ಮಿಕ್ಸಿಯ ಪ್ಲಗ್ ಮೊದಲೇ ತೆಗೆದಿಟ್ಟಿದ್ದರೆ ಅಮ್ಮನಿಗೆ ಬೇಜಾರಾಗುತ್ತದೆ, ಸಿಕ್ಕಿಸಿಯೇ ಇಡು ಎಂದು ನನ್ನ ಗಂಡ ಮದುವೆಯಾದ ಹೊಸತರಲ್ಲಿ ನನಗೆ ಹೇಳಿಕೊಟ್ಟಿದ್ದರು.

ಇದು ಅತ್ತೆಯೊಬ್ಬರ ಹುಚ್ಚಲ್ಲ, ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇದ್ದದ್ದೇ. ಆದರೆ ಅತ್ತೆಗೆ ಸ್ವಂತ ಅನುಭವವೂ ಇತ್ತು. ಪ್ರೈಮರಿ ಶಾಲೆಯ ಟೀಚರಾಗಿದ್ದ ಅವರು ಸಂಬಳ ಉಳಿಸಿ ಮೊದಲ ಸಲ ಕಲರ್ ಟಿ.ವಿ. ತಂದ ವಾರದಲ್ಲೇ ಆಂಟೆನಾದ ವಯರು ಹಿಡಿದು ಸಿಡಿಲು ಒಳಗೆ ಬಂದಿತ್ತಂತೆ. ಟಿ.ವಿ. ಹೋಯಿತು, ಗೋಡೆಯ ಸುಣ್ಣ ಹಾರಿತು, ಟಿ.ವಿ.ಯ ಪಕ್ಕ ನಿಂತಿದ್ದ ಅತ್ತೆಯ ಕಾಲು ಸಂಜೆಯವರೆಗೆ ಜೋಮು ಹಿಡಿದಿತ್ತು. ರಿಟೈರಾಗಿ ವರ್ಷಗಳಾದ ಮೇಲೂ ಆ ಕಥೆ ಹೇಳುವಾಗ ಅವರ ಕೈ ತಾನಾಗಿ ಮೊಣಕಾಲನ್ನು ಸವರುತ್ತಿತ್ತು.

ಇಂಥ ಮನೆಗೆ ಸೊಸೆಯಾಗಿ ಬಂದವಳು ನಾನು, ಮೈಕ್ರೋ ಎಲೆಕ್ಟ್ರಾನಿಕ್ಸಿನಲ್ಲಿ ಎಂ.ಟೆಕ್. ಓದುವವಳು. ಬಿ.ಇ. ಮುಗಿದೊಡನೆ ಮದುವೆಯಾಗಿತ್ತು. ಮುಂದೆ ಓದು ಎಂದು ಹಟ ಹಿಡಿದವರು ಅತ್ತೆಯೇ. "ನಾನು ಟೀಚರ್ ಆಗಿದ್ದಾಗ ಬಿ.ಎ. ಕಟ್ಟಿದ್ದೆ. ಎರಡನೇ ವರ್ಷಕ್ಕೆ ಇವ ಹುಟ್ಟಿದ, ಅಲ್ಲಿಗೆ ಮುಗೀತು" ಎಂದು ವಾರಕ್ಕೊಮ್ಮೆಯಾದರೂ ಅನ್ನುತ್ತಿದ್ದರು. ಹಾಗಂದಾಗಲೆಲ್ಲ ನನ್ನ ಗಂಡ, ಹುಟ್ಟಿದ್ದು ತನ್ನದೇ ತಪ್ಪು ಎಂಬಂತೆ ತಲೆ ತಗ್ಗಿಸಿಕೊಂಡು ಕಾಫಿ ಕುಡಿಯುತ್ತಿದ್ದರು.

ಘಟ್ಟದ ಕೆಳಗಿನ ಕಾಲೇಜೊಂದಕ್ಕೆ ಸೇರಿದೆ. ಏನು ಓದುತ್ತಿದ್ದೇನೆ ಎಂದು ನೆಂಟರಿಗೆ ತಿಳಿಸುವುದು ಓದುವುದಕ್ಕಿಂತ ಕಷ್ಟವಾಗಿತ್ತು. ನರಸಿಂಹರಾಜಪುರದ ನನ್ನ ತವರಿಗೆ ಹೋದರೆ ದೊಡ್ಡಪ್ಪ ಕೆಟ್ಟ ಕೈಗಡಿಯಾರ ಹಿಡಿದುಕೊಂಡು ಕಾಯುತ್ತಿದ್ದರು. "ಸಣ್ಣ ಸಣ್ಣ ಸಾಮಾನಿನ ಓದು ಅಂತ ನೀನೇ ಹೇಳಿದ್ದೆ. ವಾಚಿಗಿಂತ ಸಣ್ಣದು ಇನ್ನೆಂತ ಮಾರಾಯ್ತಿ?" ಅಂತ ಅವರ ವಾದ. ನಾನು ಮಾಡುವುದು ಕೂದಲಿಗಿಂತ ಎಷ್ಟೋ ಪಾಲು ಸಣ್ಣದು, ಕಣ್ಣಿಗೇ ಕಾಣುವುದಿಲ್ಲ ಎಂದೆ. ದೊಡ್ಡಪ್ಪ ವಾಚನ್ನು ಜೇಬಿಗೆ ಹಾಕಿಕೊಂಡು, "ಹಂಗಾದ್ರೆ ನೀನು ಮಾಡಿದ್ದೀಯಾ ಇಲ್ವಾ ಅಂತ ನಿಮ್ಮ ಮಾಸ್ತರ್ರಿಗೆ ಹೆಂಗೆ ಗೊತ್ತಾಗ್ತದೆ?" ಎಂದರು. ಇದೇ ಪ್ರಶ್ನೆ ನನ್ನ ಗೈಡಿಗೂ ಇತ್ತು.

ಅತ್ತೆಗೆ ಮಾತ್ರ ನನ್ನ ಪ್ರಾಜೆಕ್ಟು ಒಂದೇ ಸಲಕ್ಕೆ ಅರ್ಥವಾಯಿತು. ಚಳಿಗಾಲದಲ್ಲಿ ಸ್ವೆಟರ್ ತೆಗೆಯುವಾಗ ಚಟಚಟ ಎನ್ನುತ್ತದಲ್ಲ, ಅದೂ ಒಂದು ಪುಟ್ಟ ಸಿಡಿಲೇ. ನಮ್ಮ ಬೆರಳ ತುದಿಯಿಂದ ಅಂಥದ್ದೊಂದು ಹಾರಿದರೆ ಸಾಕು, ಕಂಪ್ಯೂಟರು, ಫೋನುಗಳ ಒಳಗಿರುವ ಚಿಪ್ಪು ಸತ್ತುಹೋಗುತ್ತದೆ. ಆ ಸಿಡಿಲನ್ನು ಪಕ್ಕದ ದಾರಿಯಲ್ಲಿ ಇಳಿಸಿ ಚಿಪ್ಪನ್ನು ಉಳಿಸುವ ಪುಟ್ಟ ಸರ್ಕ್ಯೂಟೊಂದನ್ನು ನಾನು ರೂಪಿಸಬೇಕಿತ್ತು.

"ಅದಕ್ಕೆ ಎರಡು ವರ್ಷ ಓದ್ಬೇಕಾ? ಪ್ಲಗ್ ತೆಗೆದ್ರೆ ಆಯ್ತಲ್ಲ" ಎಂದರು ಅತ್ತೆ.

"ತೆಗೆಯೋಕೆ ಅಲ್ಲಿ ಪುರುಸೊತ್ತಿಲ್ಲ ಅತ್ತೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರ್ತದೆ."

"ಪಾಪ" ಎಂದರು, ಚಿಪ್ಪಿಗೆ. ಮಾರನೆಯ ದಿನದಿಂದ ಬೀದಿಯಲ್ಲೆಲ್ಲ, ನಮ್ಮ ಸೊಸೆ ಸಿಡಿಲಿನ ಮೇಲೆ ಓದ್ತಿದ್ದಾಳೆ ಎಂದು ಹೇಳಿಕೊಂಡು ಬಂದರು. ಪಕ್ಕದ ಮನೆಯವರು, ಈ ವರ್ಷ ನಮ್ಮ ಕಡೆ ಹೊಡೀತದಾ ಹೆಂಗೆ ಎಂದು ನನ್ನನ್ನು ಗಂಭೀರವಾಗಿಯೇ ಕೇಳಿದರು.

ಎರಡನೆಯ ವರ್ಷದ ಶುರುವಿನಲ್ಲೇ ನಾನು ಬಸುರಿಯಾದೆ. ಘಟ್ಟ ಹತ್ತಿಳಿಯುವುದು ಬೇಡವೇ ಬೇಡ ಎಂದರು ಡಾಕ್ಟರು. ಲ್ಯಾಬಿನವರು ನನ್ನ ಕಂಪ್ಯೂಟರಿಗೇ ಸಾಫ್ಟ್‌ವೇರ್ ಹಾಕಿಕೊಟ್ಟರು. ಕೆಲಸ ಮನೆಯಲ್ಲಿ, ರಿಸಲ್ಟನ್ನು ಬಸ್ ಸ್ಟ್ಯಾಂಡಿನ ಸೈಬರ್ ಸೆಂಟರಿನಿಂದ ಕಳಿಸುವುದು ಎಂದು ಏರ್ಪಾಡಾಯಿತು. ಮೇ ಎರಡನೇ ವಾರದಲ್ಲಿ ಥೀಸಿಸ್ ಕೊಡಬೇಕು, ಜೂನಿನಲ್ಲಿ ಹೆರಿಗೆ. ಗೈಡ್ ಫೋನಿನಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದರು: "ಈ ಸಲ ಬಿಟ್ಟರೆ ಬಿಟ್ಟಂಗೇ ಅಮ್ಮ. ಮಗು ಆದಮೇಲೆ ವಾಪಸ್ ಬಂದವರನ್ನ ನಾನಂತೂ ನೋಡಿಲ್ಲ." ನನಗೆ ಸಿಟ್ಟು ಬಂತು. ಆದರೆ ಅವರು ಹೇಳಿದ್ದು ಸುಳ್ಳಲ್ಲ ಎಂದು ನನಗೂ ಗೊತ್ತಿತ್ತು.

ಉಳಿದಿದ್ದದ್ದು ಕೊನೆಯ ಪರೀಕ್ಷೆ. ಕಂಪ್ಯೂಟರಿನ ಒಳಗೇ ಚಿಪ್ಪಿನ ಒಂದು ಮೂಲೆಯನ್ನು ಕಟ್ಟಿ, ಅದಕ್ಕೆ ಸುಳ್ಳು ಸಿಡಿಲು ಹೊಡೆಸಿ, ಬದುಕುತ್ತದೋ ಸಾಯುತ್ತದೋ ನೋಡಬೇಕು. ನನ್ನ ಬಡ ಕಂಪ್ಯೂಟರಿಗೆ ಈ ಲೆಕ್ಕ ಮಾಡಲು ಎರಡು ದಿನ ಹಿಡಿಯುತ್ತಿತ್ತು. ನಡುವೆ ನಿಂತರೆ ಮತ್ತೆ ಮೊದಲಿನಿಂದ. ಕರೆಂಟು ಹೋದರೆ ಕೂಗುವ ಒಂದು ಯು.ಪಿ.ಎಸ್. ಇತ್ತು. ಅದು ಕೂಗುತ್ತಿದ್ದದ್ದೇ ಜಾಸ್ತಿ, ಹತ್ತು ನಿಮಿಷದಲ್ಲಿ ಅದರ ಉಸಿರು ನಿಲ್ಲುತ್ತಿತ್ತು.

ಎರಡನೆಯ ದಿನದ ಮಧ್ಯಾಹ್ನ ಲೆಕ್ಕ ಮುಗಿಯುವ ಹಂತಕ್ಕೆ ಬಂದಿತ್ತು. ನಾನೂ ಗಂಡನೂ ಡಾಕ್ಟರ ಹತ್ತಿರ ಹೋಗಿದ್ದೆವು. ಬಾಳೆಹೊನ್ನೂರಿನ ಕಡೆ ಆಕಾಶ ಒಮ್ಮೆ ಗೊಣಗಿದ್ದು ನನಗೂ ಕೇಳಿಸಿತು. ಹೊಟ್ಟೆ ಹಿಡಿದುಕೊಂಡು ಆದಷ್ಟು ಬೇಗ ಮನೆಗೆ ಬಂದರೆ, ಕಂಪ್ಯೂಟರಿನ ಪರದೆ ಒರೆಸಿಟ್ಟ ಬಾಣಲೆಯಂತೆ ಕಪ್ಪಗಿತ್ತು. ವಯರುಗಳೆಲ್ಲ ನೀಟಾಗಿ ಸುತ್ತಿಟ್ಟಿದ್ದವು.

"ಪ್ಲಗ್ ತೆಗೆದೆ. ಆ ಪೆಟ್ಟಿಗೆ ಕೂಗೋಕೆ ಶುರು ಮಾಡ್ತು, ಪಾಪ. ಅದರ ಸ್ವಿಚ್ಚೂ ಒತ್ತಿ ಸುಮ್ಮನಿರಿಸಿದೆ" ಎಂದರು ಅತ್ತೆ. ದೊಡ್ಡ ಉಪಕಾರ ಮಾಡಿದವರ ಮುಖ ಅವರದು. ಹೊರಗೆ ಒಂದು ಹನಿ ಬಿದ್ದಿರಲಿಲ್ಲ, ಚೆನ್ನಾಗಿ ಬಿಸಿಲು ಕಾಯುತ್ತಿತ್ತು.

ನಾನು ಬಾಯಿಗೆ ಬಂದದ್ದೆಲ್ಲ ಆಡಿದೆ. ಪ್ಲಗ್ ತೆಗೆಯುವುದಕ್ಕೇ ಹುಟ್ಟಿದ್ದೀರಿ ಎಂದೂ ಅಂದೆ. ಶಾಲೆಯಲ್ಲಿ ಮಕ್ಕಳನ್ನು ನಡುಗಿಸಿದ ಹೆಂಗಸು ಒಳಗೆ ಹೋಗಿ ಬೀನ್ಸ್ ಮುರಿಯುತ್ತ ಕೂತರು. ಆ ದಿನದ ಪಲ್ಯಕ್ಕೆ ಉಪ್ಪಿರಲಿಲ್ಲ, ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಊಟವಾದ ಮೇಲೆ ಬಾಗಿಲಲ್ಲಿ ನಿಂತು, "ಇನ್ನೊಂದ್ಸಲ ಓಡಿಸೋಕೆ ಟೈಮ್ ಉಂಟಾ?" ಎಂದರು.

"ಒಂದೇ ಸಲಕ್ಕೆ ಇದೆ. ಎರಡು ದಿನ ಗುಡುಗಬಾರದು."

ಆಗಲೇ ಲೆಕ್ಕವನ್ನು ಮತ್ತೆ ಮೊದಲಿನಿಂದ ಓಡಿಸಿದೆ. ಮರುದಿನ ಬೆಳಿಗ್ಗೆ ಎದ್ದರೆ ಅತ್ತೆ ಇಲ್ಲ. ಮೊದಲ ಬಸ್ಸಿಗೆ ಶೃಂಗೇರಿಗೆ ಹೋಗಿ, ಎರಡು ದಿನ ಮಳೆ ಬರದಿರಲಿ ಎಂದು ಶಾರದಮ್ಮನ ಹತ್ತಿರ ಹೇಳಿಕೊಂಡು, ಮಧ್ಯಾಹ್ನಕ್ಕೆ ವಾಪಸ್ ಬಂದರು. ಭರಣಿ ಮಳೆ ಬಂದರೆ ಧರಣಿ ಬದುಕೀತು ಎಂದು ಇಡೀ ಸೀಮೆ ಆಕಾಶ ನೋಡುತ್ತಿದ್ದ ಕಾಲ ಅದು. ದೇವಸ್ಥಾನದಲ್ಲಿ ಪಕ್ಕ ಕೂತಿದ್ದ ನೆಮ್ಮಾರಿನ ಹೆಂಗಸು ಮಳೆ ಬರಲೆಂದೇ ಹರಕೆ ಹೊತ್ತು ಬಂದಿದ್ದಳಂತೆ. "ನಾನು ಎಂತಕ್ಕೆ ಬಂದೆ ಅಂತ ಬಾಯಿ ಬಿಡ್ಲಿಲ್ಲ ನೋಡು" ಎಂದರು ಅತ್ತೆ. ಅವರು ಗುಟ್ಟು ಕಾಪಾಡಿದ್ದು ನನಗೆ ತಿಳಿದ ಹಾಗೆ ಅದೊಂದೇ ಸಲ.

ಶಾರದಮ್ಮ ಇಬ್ಬರ ಮಾತನ್ನೂ ಅರ್ಧರ್ಧ ನಡೆಸಿಕೊಟ್ಟಳು. ಎರಡನೆಯ ದಿನ ಮೂರು ಗಂಟೆಯ ಹೊತ್ತಿಗೆ ಮೋಡ ಕಟ್ಟಿ ಮನೆಯೊಳಗೆ ಕತ್ತಲಾಯಿತು. ಲೆಕ್ಕ ಮುಗಿಯಲು ಇನ್ನು ಸ್ವಲ್ಪವೇ ಬಾಕಿ. ಗುಡುಗಿತು. ಅತ್ತೆಯ ಓಟ ಶುರುವಾಯಿತು. ಟಿ.ವಿ., ಫೋನು, ಫ್ರಿಜ್ಜು, ಮಿಕ್ಸಿ ಎಲ್ಲ ಮುಗಿಸಿ ನನ್ನ ಕೋಣೆಗೆ ಬಂದರು. ಅವರ ಕೈಯಲ್ಲಿ ಮರದ ಎರಡು ಊಟದ ಮಣೆಗಳಿದ್ದವು. ದೊಡ್ಡ ಮಣೆಯನ್ನು ನನ್ನ ಕಾಲಡಿಗೆ ನೂಕಿದರು. ಚಿಕ್ಕದನ್ನು ತಮ್ಮ ಕಾಲಡಿಗೆ ಹಾಕಿಕೊಂಡು ಪಕ್ಕದ ಕುರ್ಚಿಯಲ್ಲಿ ಕೂತು, ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿ ಬಿಗಿದುಕೊಂಡರು. ಕೈ ಹೊರಗಿದ್ದರೆ ಅದು ತಾನಾಗಿ ಪ್ಲಗ್ಗಿಗೆ ಹೋಗುತ್ತದೆ ಎಂದು ಅವರಿಗೇ ಗೊತ್ತಿತ್ತು.

ಸಿಡಿಲು ಬಡಿಯದಿರಲೆಂದು ಹೇಳುವ ಹತ್ತು ಹೆಸರುಗಳ ಸ್ತೋತ್ರವನ್ನು ಒಂದೇ ಉಸಿರಿಗೆ ಹೇಳತೊಡಗಿದರು. ಮಿಂಚಿದಾಗಲೆಲ್ಲ ಕಣ್ಣು ಮುಚ್ಚಿ, ಯಾವ ಹೆಸರಲ್ಲಿದ್ದೆ ಎಂದು ಮರೆತು, ಮತ್ತೆ ಮೊದಲಿನಿಂದ. ಅವರ ಸ್ತೋತ್ರದ ಗತಿಯೂ ನನ್ನ ಸಾಫ್ಟ್‌ವೇರಿನ ಗತಿಯೂ ಒಂದೇ ಆಗಿತ್ತು. ಒಮ್ಮೆ ಕರೆಂಟು ಮಿಣುಕಿ ಯು.ಪಿ.ಎಸ್. ಕೂಗಿತು. "ಸುಮ್ನಿರೇ ನೀನು" ಎಂದು ಅದನ್ನು ಗದರಿದರು. ಮರುಕ್ಷಣ ಕರೆಂಟು ಬಂತು.

ಆಮೇಲೆ ಬಡಿದದ್ದು ಎಲ್ಲೋ ತೀರಾ ಹತ್ತಿರದಲ್ಲಿ. ಕಿಟಕಿಯ ಗಾಜು ಅದುರಿತು, ನನ್ನ ಹೊಟ್ಟೆಯೊಳಗೆ ಮಗು ಒದೆಯಿತು. ಅತ್ತೆಯ ಮುಖದಲ್ಲಿ ರಕ್ತವೇ ಇರಲಿಲ್ಲ. ನನಗೂ ಭಯವಾಯಿತು. ಡಿಗ್ರಿ ಹಾಳಾಗಿ ಹೋಗಲಿ ಎನಿಸಿ, "ಸಾಕು ಅತ್ತೆ, ತೆಗೀತೇನೆ" ಎಂದು ಪ್ಲಗ್ಗಿಗೆ ಕೈ ಚಾಚಿದೆ.

ಸೆರಗಿನೊಳಗಿಂದ ಒಂದು ಕೈ ಹೊರಬಂದು ನನ್ನ ಮಣಿಕಟ್ಟು ಹಿಡಿಯಿತು. ಹಿಮದಷ್ಟು ತಣ್ಣಗಿದ್ದ ಕೈ.

"ತೆಗೀಬೇಡ. ಇವ ಹುಟ್ಟಿದ ಅಂತ ನನ್ನ ಬಿ.ಎ. ನಿಂತದ್ದಲ್ಲ. ಬೇಡ ಅಂತ ಯಾರೂ ಹೇಳ್ಲಿಲ್ಲ. ಮಗು ಇಟ್ಕೊಂಡು ಪರೀಕ್ಷೆಗೆ ಕೂತ್ರೆ ಫೇಲ್ ಆಗ್ತೇನೆ ಅಂತ ಹೆದರಿಕೆ ಆಯ್ತು. ನಾನೇ ಬಿಟ್ಟೆ. ಆಮೇಲೆ ಅವನ ಮೇಲೆ ಹಾಕಿದೆ." ಇಷ್ಟು ಹೇಳಿ ಹತ್ತು ಹೆಸರುಗಳನ್ನು ಮತ್ತೆ ಮೊದಲಿನಿಂದ ಶುರು ಮಾಡಿದರು. ಕೈ ಮಾತ್ರ ಬಿಡಲಿಲ್ಲ.

ಮಳೆ ಜೋರಾದಂತೆ ಗುಡುಗು ನರಸಿಂಹರಾಜಪುರದ ದಿಕ್ಕಿಗೆ ಸರಿಯಿತು. ಪರದೆಯ ಮೇಲೆ ಗೆರೆ ನಿಧಾನವಾಗಿ ಮೇಲೆ ಹೋಗಿ, ಒಂದು ಕಡೆ ಬಗ್ಗಿ, ನೆಟ್ಟಗೆ ಇಳಿಯಿತು. ಚಿಪ್ಪು ಬದುಕಿತ್ತು. ಸೇವ್ ಮಾಡಿ, ಸಿ.ಡಿ.ಗೂ ಹಾಕಿ, ಕಂಪ್ಯೂಟರ್ ಆಫ್ ಮಾಡಿದೆ.

"ಆಯ್ತಾ?" ಎಂದರು ಅತ್ತೆ, ಕಣ್ಣು ತೆರೆಯದೆ.

"ಆಯ್ತು. ಈಗ ನೀವು ಪ್ಲಗ್ ತೆಗೀಬಹುದು" ಎಂದೆ, ನಗುತ್ತ. ಅವರಿಗೆ ಅದಕ್ಕಿಂತ ದೊಡ್ಡ ಬಹುಮಾನ ಇನ್ನೇನಿದೆ ಎಂದುಕೊಂಡಿದ್ದೆ.

ಅತ್ತೆ ಏಳಲು ನೋಡಿದರು. ಆಗಲಿಲ್ಲ. ಇನ್ನೊಮ್ಮೆ ನೋಡಿದರು. "ನೀನೇ ತೆಗಿ ಮಾರಾಯ್ತಿ" ಎಂದು ಮೊಣಕಾಲು ಸವರಿಕೊಂಡರು. "ನಂಗೆ ಕಾಲೇ ಬರ್ತಿಲ್ಲ."