ಹಾಳೆ ನೋಡಿ ಓದು ಹೇಳುವ ಮುಝಫರ್

ಹೊಸದುರ್ಗದ ಪದವಿ ಕಾಲೇಜೊಂದರಲ್ಲಿ ಇತಿಹಾಸ ಹೇಳುವ ಮಾರುತೇಶ್ ಮೇಷ್ಟ್ರ ಮಾನ ಹೋಗಿದ್ದು ಸ್ಮಾರ್ಟ್ ಬೋರ್ಡಿನ ಮೇಲೆ, ಆರಡಿ ಅಗಲಕ್ಕೆ. ಅಸೈನ್‌ಮೆಂಟನ್ನು ಹುಡುಗರು ಬರೆದರೋ ಎಐ ಬರೆಯಿತೋ ಎಂದು ಹೇಳುವ ತಂತ್ರಾಂಶವೊಂದನ್ನು ಅವರು ಹಿಂದಿನ ದಿನವಷ್ಟೇ ಕಲಿತಿದ್ದರು. ಕಲಿತದ್ದನ್ನು ಮರುದಿನವೇ ಇನ್ನೊಬ್ಬರ ಮೇಲೆ ಪ್ರಯೋಗಿಸದಿದ್ದರೆ ಅವರಿಗೆ ಉಂಡದ್ದು ಅರಗುವುದಿಲ್ಲ. ಬಿ.ದುರ್ಗದಿಂದ ಬರುವ ಬೃಂದಾಳ ಅಸೈನ್‌ಮೆಂಟು ಕಟ್ಟಿನ ಮೇಲಿತ್ತು. ಅದನ್ನೇ ಹಾಕಿದರು. ತೊಂಬತ್ತೊಂದು ಪರ್ಸೆಂಟ್ ಯಂತ್ರದ್ದು ಎಂದು ಬಂತು; ಯಂತ್ರದ್ದೆಲ್ಲ ಕೆಂಪು, ಉಳಿದದ್ದು ಹಸಿರು.

"ನಾಚಿಕೆ ಆಗಲ್ವೇನಮ್ಮ?" ಅಂದರು.

ಬೃಂದಾ ಎದ್ದು ನಿಂತಳು. "ಕೆಂಪಗಿರೋದೆಲ್ಲ ನೀವು ಬರೆಸಿದ ನೋಟ್ಸು ಸರ್. ಹಸಿರಲ್ಲಿರೋ ಕೊನೇ ಎರಡು ಪುಟ ಮಾತ್ರ ನಂದು."

ಆ ನೋಟ್ಸನ್ನು ಮೇಷ್ಟ್ರು ಹತ್ತೊಂಬತ್ತು ವರ್ಷದಿಂದ ಒಂದು ಕಾಮಾ ಕೂಡ ಬದಲಿಸದೆ ಬರೆಸುತ್ತಿದ್ದರು. ಯಂತ್ರ ಹುಟ್ಟುವ ಮೊದಲೇ ಯಂತ್ರದ ಹಾಗೆ ಬರೆದ ಕೀರ್ತಿ ಅವರದು. ತರಗತಿ ನಕ್ಕ ಸದ್ದಿಗೆ ಪ್ರಿನ್ಸಿಪಾಲ್ ಗೋವಿಂದಪ್ಪನವರೇ ಬಂದುಬಿಟ್ಟರು.

ಮೇಷ್ಟ್ರು ಗಡಿಬಿಡಿಯಿಂದ ಬೋರ್ಡು ಆರಿಸಿದರು. ಕಾರಣ, ಆ ವಾರವೇ ವಿಶ್ವವಿದ್ಯಾಲಯದಿಂದ ಸುತ್ತೋಲೆ ಬಂದಿತ್ತು. ಎಐ ತಡೆಯುವುದು ಆಗದ ಕೆಲಸ. ಹುಡುಗರು ನಿಜವಾಗಿ ಓದಿದ್ದಾರೋ ಇಲ್ಲವೋ ತಿಳಿಯಲು ಪ್ರತಿ ಕಾಲೇಜೂ ತನ್ನದೇ ದಾರಿ ಹುಡುಕಿಕೊಳ್ಳಲಿ, ಒಬ್ಬ ಎಐ ಸಂಯೋಜಕರ ಹೆಸರು ಕಳಿಸಲಿ ಎಂದಿತ್ತು. ಆ ಹೆಸರು ತಮ್ಮದೇ ಎಂದು ಮೇಷ್ಟ್ರು ಹೆಂಡತಿ ಶಿವಗಂಗಮ್ಮನಿಗೆ ಹೇಳಿಯಾಗಿತ್ತು. ಆಕೆ ಬೀದಿಗೆಲ್ಲ ಹೇಳಿಯಾಗಿತ್ತು. ಇನ್ನು ಹಿಂದೆ ಸರಿಯುವ ಹಾಗಿರಲಿಲ್ಲ.

ಓದಿದವರು ಯಾರೆಂದು ಪುಸ್ತಕ ಕೊಡುವವನನ್ನೇ ಕೇಳೋಣ ಎಂದು ಗೋವಿಂದಪ್ಪನವರು ಅಸೈನ್‌ಮೆಂಟಿನ ಕಟ್ಟನ್ನು ಎತ್ತಿಕೊಂಡು ಸೀದಾ ಲೈಬ್ರರಿಗೆ ನಡೆದರು. ಮೇಷ್ಟ್ರು ಹಿಂದೆ ಹಿಂದೆ ಹೋದರು. ಅಲ್ಲಿ ಅಟೆಂಡರ್ ಮುಝಫರ್ ಸೂಜಿಗೆ ದಾರ ಪೋಣಿಸುತ್ತಿದ್ದ. ಚಿತ್ರದುರ್ಗದ ಹಳೇ ಪೇಟೆಯಲ್ಲಿ ಮುತ್ತಾತನ ಕಾಲದಿಂದ ಪುಸ್ತಕ ಬೈಂಡ್ ಮಾಡಿದ ಮನೆತನದವನು. ಎಸ್ಸೆಸ್ಸೆಲ್ಸಿ ಮುಗಿಸಿ ಈ ಕೆಲಸಕ್ಕೆ ಸೇರಿ ಇಪ್ಪತ್ತಾರು ವರ್ಷ. ಹರಿದ ಪುಸ್ತಕವನ್ನು ಬೈಂಡಿಂಗಿಗೆ ಹೊರಗೆ ಕಳಿಸುವವನಲ್ಲ. ತಾನೇ ಹೊಲಿದು, ಮೈದಾ ಗೋಂದು ಹಚ್ಚಿ, ಇಟ್ಟಿಗೆ ಹೇರಿ ಒಣಗಿಸುತ್ತಿದ್ದ.

ಮುಝಫರ್ ಅಸೈನ್‌ಮೆಂಟು ಓದಲೇ ಇಲ್ಲ. ಕೊನೆಯ ಪುಟದಲ್ಲಿ ಓದಿದ ಪುಸ್ತಕಗಳ ಪಟ್ಟಿ ಇರುತ್ತದಲ್ಲ, ಅದನ್ನಷ್ಟೇ ನೋಡಿದ. "ಈ ಪ್ರದೀಪ್ ಪಟ್ಟೀಲಿ ನಾಲ್ಕು ಪುಸ್ತಕ ಬರ್ದಾನೆ ಸರ್. ಎರಡು ನಮ್ಮಲ್ಲಿಲ್ಲ. ಒಂದು ಎಲ್ಲೂ ಇಲ್ಲ. ಇನ್ನೊಂದು ಐತೆ, ತಡೀರಿ."

ಪುಸ್ತಕ ತಂದು ಮೇಜಿನ ಮೇಲೆ, ಅದರ ಹೊಲಿದ ಬೆನ್ನು ಕೆಳಗಾಗಿ ನಿಲ್ಲಿಸಿ ಕೈ ಬಿಟ್ಟ. ಅದು ಮುಚ್ಚಿದ ಬಾಯಿಯ ಹಾಗೆ ನಿಂತಿತು. ತಾನು ಬಿಗಿಯಾಗಿ ಹೊಲಿದ ಪುಸ್ತಕ ಓದಿದವರ ಕೈಯಲ್ಲಿ ಮಾತ್ರ ಸಡಿಲವಾಗುತ್ತದೆ, ಓದು ನಿಂತಲ್ಲಿಗೆ ಅಂಚಿನ ಕೊಳೆಯೂ ನಿಲ್ಲುತ್ತದೆ ಎಂದು ವಿವರಿಸಿದ. ಬೃಂದಾ ಒಯ್ದಿದ್ದ ಪುಸ್ತಕ ನಿಲ್ಲಿಸಿದರೆ ನೂರ ಹನ್ನೆರಡನೇ ಪುಟಕ್ಕೆ ತಾನೇ ಬಿಚ್ಚಿಕೊಂಡಿತು. ಅಲ್ಲೊಂದು ಚಿತ್ರಾನ್ನದ ಎಣ್ಣೆ ಕಲೆ. ಗೋವಿಂದಪ್ಪನವರು ಅವಳನ್ನು ಕರೆಸಿ ಆ ಪುಟದ ಬಗ್ಗೆ ಕೇಳಿದರು. ಆ ಹುಡುಗಿ ಹತ್ತು ನಿಮಿಷ ನಿಲ್ಲಿಸದೆ ಮಾತಾಡಿದಳು.

ಅಂದಿನಿಂದ ಮೇಷ್ಟ್ರಿಗೆ ನಿದ್ದೆ ಹತ್ತಲಿಲ್ಲ. ತಾವು ಎಂ.ಎ., ಪಿಎಚ್.ಡಿ.; ಅವನು ಗೋಂದು ಕಲಸುವವನು. ಆದರೂ ಸ್ಟಾಫ್ ರೂಮಿನಲ್ಲಿ ಅವನದೇ ಸುದ್ದಿ. ಟೀ ತರುವವನು ಮೊದಲ ಲೋಟ ಲೈಬ್ರರಿಗೆ ಒಯ್ಯತೊಡಗಿದ. ಎರಡನೆಯದು ತಮಗೆ ಬಂದಾಗ ಮೇಷ್ಟ್ರು ಸಕ್ಕರೆ ಕಮ್ಮಿ ಎಂದು ವಾಪಸ್ ಕಳಿಸಿದರು. ಅವರಿಗೆ ಸಕ್ಕರೆ ಕಾಯಿಲೆ.

ಕೊನೆಗೆ ವಿದ್ಯೆಯನ್ನೇ ಕದಿಯೋಣವೆಂದು ಮಧ್ಯಾಹ್ನ ಲೈಬ್ರರಿ ಖಾಲಿ ಇದ್ದಾಗ ಹೋಗಿ ಪುಸ್ತಕಗಳನ್ನು ಒಂದೊಂದಾಗಿ ನಿಲ್ಲಿಸಿದರು. ಎಲ್ಲವೂ ಬಿದ್ದವು. ಧೂಳಿಗೆ ಹನ್ನೊಂದು ಸಲ ಸೀನಿದರು. ಮುಝಫರ್ ಒಳಗಿಂದ ಬಂದು, ಏನೂ ಕೇಳದೆ, ನೀರು ಕೊಟ್ಟು ಹೋದ. ಕೇಳಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ಅಷ್ಟರಲ್ಲಿ ಚಿತ್ರದುರ್ಗದಲ್ಲಿ ಇದೇ ವಿಷಯಕ್ಕೆ ವಿಶ್ವವಿದ್ಯಾಲಯದ ಕಾರ್ಯಾಗಾರ; ಗೋವಿಂದಪ್ಪನವರು ಇಬ್ಬರನ್ನೂ ಕಳಿಸಿದರು. ಮಾತಾಡುವವನು ಮುಝಫರ್, ಲ್ಯಾಪ್‌ಟಾಪ್ ಹೊರುವವರು ಮಾರುತೇಶ್. ದೊಡ್ಡ ದೊಡ್ಡವರು ಗಂಟೆಗಟ್ಟಲೆ ಪರದೆಯ ಮೇಲೆ ಬಾಣದ ಗುರುತು ಓಡಿಸಿದರು. ಮುಝಫರ್ ನಾಲ್ಕೇ ನಿಮಿಷ ಮಾತಾಡಿದ. ಅದೂ ಬರೀ ಹೊಲಿಗೆಯ ವಿಚಾರ. ಮುಗಿದ ಮೇಲೆ ಪ್ರೊಫೆಸರುಗಳು ಸಾಲು ನಿಂತು ಅವನ ಫೋನ್ ನಂಬರು ಬರೆದುಕೊಂಡರು. ಒಬ್ಬರು ಮೇಷ್ಟ್ರ ಕೈಗೆ ಪೆನ್ನು ಕೊಟ್ಟು, ಸಾಹೇಬರ ನಂಬರು ಸ್ವಲ್ಪ ಬರ್ಕೊಡಪ್ಪ ಅಂದರು. ಮೇಷ್ಟ್ರು ಬರೆದುಕೊಟ್ಟರು. ಕೊನೆಯ ಅಂಕಿಯನ್ನು ತಪ್ಪು ಬರೆಯಬೇಕೆಂದು ಆಸೆಯಾಗಿತ್ತು, ಧೈರ್ಯ ಬರಲಿಲ್ಲ.

ವಾಪಸ್ ಬಸ್ಸು ಹೊಳಲ್ಕೆರೆ ದಾಟುವಾಗ ಗೋವಿಂದಪ್ಪನವರ ಫೋನು. ಸಂಯೋಜಕರ ಹೆಸರು ನಾಳೆಯೇ ಕಳಿಸಬೇಕು. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

"ನಾನೇನು ಹೇಳಲಪ್ಪ ಮಾರುತೇಶ್, ನಮ್ಮ ಮೇಷ್ಟ್ರುಗಳಲ್ಲಿ ಯಾರು ಓದ್ತಾರೆ ಅಂತ ಗೊತ್ತಿರೋದು ಮುಝಫರ್‌ಗೇ. ಬೆಳಿಗ್ಗೆ ಅವನನ್ನೇ ಕೇಳಿ ಬರೆದು ಕಳಿಸ್ತೀನಿ" ಎಂದು ಅವರು ಫೋನು ಇಟ್ಟುಬಿಟ್ಟರು.

ಮೇಷ್ಟ್ರು ಮುಝಫರ್‌ಗೆ ಕಿಟಕಿಯ ಸೀಟು ಬಿಟ್ಟುಕೊಟ್ಟರು. ಕಡಲೆಕಾಯಿ ಕೊಡಿಸಿದರು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಮನೆಯಲ್ಲಿ ಹೆಂಡತಿ ಸುಗ್ರಾ ಹೇಗಿದ್ದಾಳೆ, ಮಗಳು ಮದೀಹಾ ಏನು ಓದುತ್ತಿದ್ದಾಳೆ ಎಂದು ವಿಚಾರಿಸಿದರು. ಮುಝಫರ್ ಎಲ್ಲದಕ್ಕೂ ಚೆನ್ನಾಗವ್ರೆ ಸರ್ ಅನ್ನುತ್ತ ಸಿಪ್ಪೆ ಬಿಡಿಸುತ್ತಿದ್ದ. ಕಡೆಗೆ ಮೇಷ್ಟ್ರಿಗೆ ತಡೆಯಲಾಗಲಿಲ್ಲ.

"ಅಲ್ಲಪ್ಪ ಮುಝಫರ್, ಇಷ್ಟು ವರ್ಷ ನಾನೂ ನಿನ್ನ ಲೈಬ್ರರಿಯಿಂದ ಪುಸ್ತಕ ತಗಂಡು ಹೋಗಿದೀನಿ. ನಾನು ಎಷ್ಟು ಓದಿರಬೋದು, ನಿಜ ಹೇಳು?"

ಮುಝಫರ್ ಅಂಗಿಯ ಮೇಲಿನ ಸಿಪ್ಪೆ ಕೊಡವಿಕೊಂಡ.

"ಒಂದನ್ನಾದ್ರೂ ವಾಪಸ್ ಕೊಡ್ರಿ ಸರ್, ನೋಡಿ ಹೇಳ್ತೀನಿ."