ಹೂ ಬಿಡದ ನಾಲ್ಕು ಸಾಲು ತೊಗರಿ

ತೊಗರಿ ಎಲೆ ಕಿತ್ತು ವಂಶವಾಹಿ ಪರೀಕ್ಷೆಗೆ ಒಯ್ಯುವುದು ನನ್ನ ಕೆಲಸ. ಜಹೀರಾಬಾದಿನಾಚೆ, ಮೊಗುಡಂಪಲ್ಲಿ ಹತ್ತಿರ, ಶರಣಮ್ಮನವರ ಹೊಲದಲ್ಲಿ ನಾನು ತಬ್ಬಿಬ್ಬಾದೆ. ಹೊಲವೆಲ್ಲ ಹಳದಿ ಹೂವು. ರಸ್ತೆ ಬದಿಯ ನಾಲ್ಕು ಸಾಲು ಮಾತ್ರ ಹಚ್ಚಗೆ ಬೆಳೆದು ನಿಂತಿದ್ದವು, ಒಂದು ಮೊಗ್ಗೂ ಇಲ್ಲ.

"ಎರಡು ತಳಿ ಕಲಸೀರಿ," ಎಂದೆ. ಸುತ್ತಲಿನ ಹೆಂಗಸರಿಗೆಲ್ಲ ಬಿತ್ತನೆ ಬೀಜ ಕೊಡುವವರು ಅವರು. ಅವರ ಮುಖ ಸಪ್ಪಗಾಯಿತು.

"ಹಂಗ ಬರೀಬ್ಯಾಡ್ರಿ ಸರ್. ನಮ್ಮ ಅತ್ತಿ ಕಾಲದಿಂದ ಒಂದೇ ಬೀಜ ಅದ."

ನಂಬದೆ ಎರಡೂ ಕಡೆಯ ಎಲೆ ಒಯ್ದೆ. ವರದಿ ಬಂತು: ತಳಿ ಒಂದೇ. ಹೂ ಬಿಡಿಸುವ ವಂಶವಾಹಿ ಆ ನಾಲ್ಕು ಸಾಲಿನಲ್ಲೂ ಇದೆ, ಆದರೆ ಕೆಲಸಕ್ಕೇ ಇಳಿದಿಲ್ಲ. ಯಾಕೆಂದು ನನಗೆ ತಿಳಿಯಲಿಲ್ಲ. ತಪ್ಪೊಪ್ಪಿಕೊಳ್ಳಲು ಮತ್ತೆ ಹೋದೆ.

"ಅದನ್ನ ನನಗ ಕೇಳಬೇಕಿತ್ರಿ," ಎಂದು ಶರಣಮ್ಮ ರಸ್ತೆಯ ದೀಪದ ಕಂಬ ತೋರಿಸಿದರು. "ರಾತ್ರಿ ಉದ್ದ ಆದ್ರೇ ತೊಗರಿ ಹೂ ಬಿಡ್ತದ. ಇದು ಬಂದಾಗಿಂದ ಅವಕ್ಕ ರಾತ್ರಿನೇ ಆಗವಲ್ದು."

ಅದನ್ನು ನಾನು ಓದಿದ್ದೆ. ಕಂಬ ಮಾತ್ರ ಕಣ್ಣಿಗೆ ಬಿದ್ದಿರಲಿಲ್ಲ.

"ಹಂಗಾದ್ರ ದೀಪ ತೆಗೆಸೋಣ್ರಿ," ಎಂದೆ.

"ಅಯ್ಯ, ಬ್ಯಾಡ್ರಿ! ಹಾವಿನ ಕಾಟಕ್ಕ ನಾನೇ ಎರಡು ವರ್ಷ ಪಂಚಾಯ್ತಿಗೆ ಅಡ್ಡಾಡಿ ಹಾಕಿಸೀನಿ."

ನನಗೆ ಮತ್ತೆ ಗೊಂದಲ. ಹೂವೂ ಬೇಕು, ಬೆಳಕೂ ಬೇಕು ಎಂದರೆ ಏನು ಮಾಡಬೇಕೆಂದು ನಮ್ಮ ಪ್ರಯೋಗಾಲಯದಲ್ಲಿ ಯಾರೂ ಹೇಳಲಿಲ್ಲ. ಕೊನೆಗೆ, ಹೊಲದ ಕಡೆ ಮಾತ್ರ ದೀಪಕ್ಕೆ ತಗಡಿನ ಮರೆ ಕಟ್ಟಿಸಿದವರೂ ಶರಣಮ್ಮನೇ. ಆವತ್ತು ವಿಜ್ಞಾನದ ಪರವಾಗಿ ನಾನು ಏಣಿ ಹಿಡಿದುಕೊಂಡಿದ್ದೆ.